ಸರಗೂರು ಕಡೆಯ ಡ್ರ್ಯಾಗನ್‌ಗಳು

ಡ್ರ್ಯಾಗನ್ ಇರುವ ಕಥೆಗಳಲ್ಲಿ ಕ್ಯಾಮೆರಾ ಯಾವಾಗಲೂ ಮನುಷ್ಯನ ಹೆಗಲ ಮೇಲೇ ಇರುತ್ತದೆ. ಗುಹೆಯೊಳಗೆ ನುಗ್ಗುವವನು ಮನುಷ್ಯ, ಹೆದರುವವನು ಮನುಷ್ಯ, ಕೊನೆಗೆ ಕತ್ತಿ ಎತ್ತುವವನೂ ಅವನೇ. ಡ್ರ್ಯಾಗನ್ ತನ್ನ ಪಾಡಿಗೆ ತಾನು ಮಲಗಿತ್ತು, ಬಾಗಿಲು ತಟ್ಟದೆ ಒಳಗೆ ಬಂದವರು ನಾವು ಅನ್ನೋದು ಯಾರಿಗೂ ನೆನಪಿರುವುದಿಲ್ಲ. ಅದಕ್ಕೂ ಒಂದು ಡೈರಿ ಬರೆಯುವ ಅಭ್ಯಾಸ ಇದ್ದಿದ್ದರೆ ನಮ್ಮ ಬಗ್ಗೆ ಏನಂತ ಬರೆದಿಡುತ್ತಿತ್ತು?

2022ರಲ್ಲಿ ‘ಹೌಸ್ ಆಫ್ ದಿ ಡ್ರ್ಯಾಗನ್’ ಬರುತ್ತಿದ್ದ ವಾರಗಳಲ್ಲಿ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಇದೇ ಚರ್ಚೆ. ಡ್ರ್ಯಾಗನ್ ಕಣ್ಣಿಗೆ ನಾವು ಇರುವೆ ಅಂದ ಒಬ್ಬ. ಇಲ್ಲಪ್ಪ, ಸಂಜೆ ಹೊತ್ತಿನ ಕುರುಕಲು ತಿಂಡಿ ಅಂದಳು ಇನ್ನೊಬ್ಬಳು. ಬೆನ್ನ ಮೇಲೆ ಹತ್ತಿಸಿಕೊಳ್ಳುತ್ತವಲ್ಲ, ಹಾಗಾಗಿ ನಾವೇ ಅವುಗಳ ಸಾಕುಪ್ರಾಣಿ ಅನ್ನೋದು ಮೂರನೆಯವನ ಥಿಯರಿ. ಎಲ್ಲರೂ ನಕ್ಕೆವು. ಆದರೆ ನಾನು ಸರಗೂರು ಕಡೆಯವನು. ಕಾಡಿಗೂ ನಮ್ಮ ಹೊಲಕ್ಕೂ ನಡುವೆ ಒಂದು ಕಂದಕ, ಒಂದು ಸೋಲಾರ್ ಬೇಲಿ, ಅಷ್ಟೇ. ನಮಗಿಂತ ದೊಡ್ಡ ಪ್ರಾಣಿಯೊಂದು ಕತ್ತಲಲ್ಲಿ ನಿಂತು ನಮ್ಮನ್ನು ನೋಡುತ್ತಾ ಏನು ಲೆಕ್ಕ ಹಾಕುತ್ತಿದೆ ಅನ್ನೋ ಪ್ರಶ್ನೆ ನನಗೆ ಫ್ಯಾಂಟಸಿ ಅನ್ನಿಸಲೇ ಇಲ್ಲ.

ಕನ್ನಡದಲ್ಲಿ ಡ್ರ್ಯಾಗನ್ ಇಲ್ಲ ಅಂತ ಹೇಳುವವರಿದ್ದಾರೆ. ಹೆಸರಿಲ್ಲ, ನಿಜ. ಆದರೆ ಹೂತಿಟ್ಟ ಚಿನ್ನದ ಕೊಪ್ಪರಿಗೆ ಸುತ್ತಿಕೊಂಡು ಕಾಯುವ ಘಟಸರ್ಪದ ಕಥೆ ಕೇಳದೆ ಬೆಳೆದ ಹಳ್ಳಿ ಹುಡುಗ ಯಾರಿದ್ದಾನೆ? ಎರಡು ತಲೆಯ ಗಂಡಭೇರುಂಡ, ಅದರ ಅಕ್ಕಪಕ್ಕ ಆನೆ ತಲೆಯ ಸಿಂಹಗಳು ನಮ್ಮ ರಾಜ್ಯದ ಲಾಂಛನದಲ್ಲೇ ನಿಂತಿವೆ. ಸರ್ಕಾರ ಕಳಿಸುವ ಪ್ರತಿ ಪತ್ರದ ನೆತ್ತಿಯ ಮೇಲೆ ಇಲ್ಲದ ಪ್ರಾಣಿಗಳ ಚಿತ್ರ. ಅದರ ಕೆಳಗೆ, ಇರುವ ಪ್ರಾಣಿ ತುಳಿದುಹಾಕಿದ ರಾಗಿ ಎಷ್ಟು ಗುಂಟೆ ಅನ್ನೋ ವಿವರ. ನಮ್ಮ ಕಡೆ ಈ ತಮಾಷೆ ಯಾರಿಗೂ ವಿವರಿಸಬೇಕಾಗಿಲ್ಲ.

ಡ್ರ್ಯಾಗನ್ ಆಗಲು ಬೇಕಾದ ಅರ್ಹತೆಗಳ ಪಟ್ಟಿ ಮಾಡಿ ನೋಡಿ. ಮನುಷ್ಯನಿಗಿಂತ ಬಹಳ ದೊಡ್ಡದಿರಬೇಕು. ಮನುಷ್ಯನಷ್ಟಾದರೂ ಬದುಕಬೇಕು. ನೆನಪು ಗಟ್ಟಿ ಇರಬೇಕು. ತನ್ನದು ಅಂತ ಒಂದು ಸೀಮೆ ಇರಬೇಕು. ಮನುಷ್ಯ ಆಸೆಪಡುವ ನಿಧಿಯೊಂದು ಅದರ ಹತ್ತಿರ ಇರಬೇಕು. ಆನೆಗೆ ಇವೆಲ್ಲ ಇವೆ. ನಿಧಿಯನ್ನಂತೂ ಅದು ಗುಹೆಯಲ್ಲಿಟ್ಟು ಕಾಯುವುದಿಲ್ಲ, ಬಾಯಿಯ ಎರಡೂ ಪಕ್ಕ ಸಿಕ್ಕಿಸಿಕೊಂಡೇ ಓಡಾಡುತ್ತದೆ. ಬೆಂಕಿ ಉಗುಳುವುದೊಂದು ಮಾತ್ರ ಗೊತ್ತಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

1937ರಲ್ಲಿ ಎರಡು ಘಟನೆಗಳು ನಡೆದವು. ಒಂದಕ್ಕೂ ಇನ್ನೊಂದಕ್ಕೂ ಏನೂ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ ಟೋಲ್ಕಿನ್‌ನ ‘ದಿ ಹಾಬಿಟ್’ ಪ್ರಕಟವಾಯಿತು. ಅದರಲ್ಲಿ ಬರುವ ಸ್ಮಾಗ್ ಅನ್ನೋ ಡ್ರ್ಯಾಗನ್ ಇವತ್ತಿನ ಎಲ್ಲ ಡ್ರ್ಯಾಗನ್‌ಗಳಿಗೂ ಒಂದು ರೀತಿಯಲ್ಲಿ ತಾತ. ಅದೇ ವರ್ಷ ‘ಎಲಿಫೆಂಟ್ ಬಾಯ್’ ಅನ್ನೋ ಸಿನಿಮಾ ತೆರೆಗೆ ಬಂತು. ಕಿಪ್ಲಿಂಗ್ ಬರೆದ ಕಥೆ, ನಿರ್ದೇಶಕರು ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟನ್ ಕೋರ್ಡಾ. ಆನೆಯ ಮೇಲೆ ಕೂತ ಹುಡುಗ ಮಾತ್ರ ನಮ್ಮವನು. ಎಚ್.ಡಿ. ಕೋಟೆ ಸೀಮೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು. ಆಮೇಲೆ ಅವನು ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಆಕಾಶದೆತ್ತರದ ಜೀನಿಯನ್ನು ಎದುರಿಸಿದ, 1942ರ ‘ಜಂಗಲ್ ಬುಕ್’ನಲ್ಲಿ ಮೌಗ್ಲಿಯಾಗಿ ಕಾಡಿನ ಪ್ರಾಣಿಗಳ ಜೊತೆ ಮಾತಾಡಿದ. ಜಗತ್ತಿನ ಫ್ಯಾಂಟಸಿ ಸಿನಿಮಾದ ಮೊದಮೊದಲ ತಾರೆಗಳಲ್ಲಿ ಒಬ್ಬ ಕಬಿನಿ ದಂಡೆಯವನು. ಇವತ್ತು ಕಾರಾಪುರದ ರೆಸಾರ್ಟುಗಳಿಗೆ ವೀಕೆಂಡ್ ಹೋಗುವ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ಸ್ಮಾಗ್ ವಿಷಯಕ್ಕೆ ಬರೋಣ. ಬಿಲ್ಬೋ ಉಂಗುರ ತೊಟ್ಟು ಕಣ್ಣಿಗೆ ಕಾಣದ ಹಾಗೆ ಅದರ ಗುಹೆಗೆ ಹೋಗುತ್ತಾನೆ. ಸ್ಮಾಗ್‌ಗೆ ಕಾಣದಿದ್ದರೇನು, ವಾಸನೆ ಬಡಿಯುತ್ತದೆ. ಕುಳ್ಳರ ವಾಸನೆ ಅದಕ್ಕೆ ಗೊತ್ತು, ಕುದುರೆಯದೂ ಗೊತ್ತು. ಇದು ಮಾತ್ರ ಎಂದೂ ಮೂಸದ ವಾಸನೆ, ಹಾಗಾಗಿ ತಲೆಕೆಡಿಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಡ್ರ್ಯಾಗನ್ನಿನ ಒಳಗಿಂದ ಬಂದ ಅತ್ಯಂತ ನಿಜವಾದ ಜಾಗ ಅದು. ದೊಡ್ಡ ಪ್ರಾಣಿ ನಮ್ಮ ಹೆಸರು, ಜಾತಿ, ಉದ್ಯೋಗ ಕೇಳುವುದಿಲ್ಲ. ಇವನ ವಾಸನೆ ಮೊದಲು ಬಂದಾಗ ಏನಾಗಿತ್ತು ಅನ್ನೋದೊಂದೇ ಅದಕ್ಕೆ ಬೇಕಿರುವ ಮಾಹಿತಿ.

ಆನೆಗೆ ವಾಸನೆ ಹಿಡಿಯುವ ಜೀನುಗಳು ಸುಮಾರು 2000 ಇವೆ ಅಂತ ಆಫ್ರಿಕಾದ ಆನೆಗಳ ಅಧ್ಯಯನದಿಂದ ತಿಳಿದಿದೆ. ನಮಗಿರೋದು 400ರ ಆಸುಪಾಸು. ಕೀನ್ಯಾದ ಅಂಬೋಸೆಲಿಯಲ್ಲಿ 2007ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಅಲ್ಲಿ ಮಸಾಯಿ ಜನ ದನ ಕಾಯುವವರು, ಅವರ ಯುವಕರು ಕೆಲವೊಮ್ಮೆ ಆನೆಗೆ ಈಟಿ ಎಸೆಯುವುದುಂಟು. ಕಾಂಬಾ ಜನ ಬೇಸಾಯಗಾರರು, ಆನೆಗೆ ಅವರಿಂದ ಅಷ್ಟು ಅಪಾಯವಿಲ್ಲ. ಇಬ್ಬರೂ ಹಾಕಿಬಿಟ್ಟ ಬಟ್ಟೆಗಳನ್ನು ಆನೆಗಳ ದಾರಿಯಲ್ಲಿಟ್ಟು ನೋಡಿದರು. ಮಸಾಯಿಯ ಬಟ್ಟೆ ಮೂಸಿದ ಆನೆಗಳು ಹೆಚ್ಚು ವೇಗವಾಗಿ, ಹೆಚ್ಚು ದೂರ ಓಡಿದವು. 2014ರಲ್ಲಿ ಅಲ್ಲೇ ಇನ್ನೊಂದು ಪ್ರಯೋಗ. ಈ ಸಲ ಬಟ್ಟೆ ಇಲ್ಲ, ಧ್ವನಿ. ಎರಡೂ ಕಡೆಯವರಿಂದ ಒಂದೇ ಮಾತನ್ನು ಹೇಳಿಸಿ ರೆಕಾರ್ಡ್ ಮಾಡಿ ಆನೆಗಳಿಗೆ ಕೇಳಿಸಿದರು. ಮಸಾಯಿ ಗಂಡಸಿನ ಧ್ವನಿಗೆ ಆನೆಗಳು ಗುಂಪುಗೂಡಿ ಹಿಂದೆ ಸರಿದವು. ಅದೇ ಮಸಾಯಿ ಹೆಂಗಸರು, ಮಕ್ಕಳು ಮಾತಾಡಿದರೆ ಅಷ್ಟು ಗಾಬರಿ ಇಲ್ಲ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ತಾತ. ರಾಗಿ ತೆನೆ ಕಟ್ಟುವ ಕಾಲಕ್ಕೆ ಹೊಲದ ಅಟ್ಟಣೆ ಮೇಲೆ ರಾತ್ರಿ ಕಾವಲು ಮಲಗುತ್ತಿದ್ದ. ಆನೆ ಬಂದ ಸುಳಿವು ಸಿಕ್ಕರೆ ಮೊದಲು ಕಿರುಚುತ್ತಿರಲಿಲ್ಲ, ಪಟಾಕಿಯನ್ನೂ ಹಚ್ಚುತ್ತಿರಲಿಲ್ಲ. ಮನೆಗೆ ಬಂದ ನೆಂಟನನ್ನು ಮಾತಾಡಿಸುವ ಹಾಗೆ, ‘ಸಾಕು ನಡೀ ಸ್ವಾಮಿ, ನಮ್ಗೂ ವಸಿ ಬುಡು’ ಅಂತ ಗಟ್ಟಿಯಾಗಿ ಹೇಳುತ್ತಿದ್ದ. ಒಮ್ಮೊಮ್ಮೆ ಹೋಗೋದು, ಒಮ್ಮೊಮ್ಮೆ ಹೋಗುತ್ತಿರಲಿಲ್ಲ.

‘ತಾತ, ಅದಕ್ಕೆ ನಿನ್ ಮಾತು ಅರ್ಥ ಆಯ್ತದಾ?’ ಅಂತ ನಾನು ಕೇಳಿದ್ದೆ.

‘ಮಾತ್ ಅರ್ಥ ಆಗಕಿಲ್ಲ ಕಣ್ಲಾ ಮಗ. ಯಾರ್ ಮಾತಾಡ್ತಾವ್ರೆ ಅಂತ ಅರ್ಥ ಆಯ್ತದೆ.’

ತಾತನಿಗೆ ಸಂಶೋಧನಾ ಪತ್ರಿಕೆ ಗೊತ್ತಿರಲಿಲ್ಲ. ಆನೆ ಗೊತ್ತಿತ್ತು. ಇನ್ನೊಂದು ದಿನ, ಇಷ್ಟೆಲ್ಲ ತಿಂದುಹೋಯಿತಲ್ಲ ಅಂತ ಅಜ್ಜಿ ಬೈಯುತ್ತಿದ್ದಾಗ ಅವನು ಹೇಳಿದ್ದು: ‘ರಾಗಿ ನಮ್ದು ಅಂತ ಅದುಕ್ಕೇನ್ ಬರ್ದು ಕೊಟ್ಟಿದ್ದಾ?’ ಅಜ್ಜಿಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. ಮನೆಯಲ್ಲಿ ಬೇಯಿಸಬೇಕಾದವಳು ಅವಳು ತಾನೆ.

ಈಗ ಎರಡು ಆನೆಗಳ ಕಥೆ ಹೇಳುತ್ತೇನೆ. ಎರಡೂ ಹುಟ್ಟಿದ್ದು ಹೆಚ್ಚೂಕಡಿಮೆ 1960ರ ಆಸುಪಾಸು. ಎರಡೂ ಕಬಿನಿ ಸೀಮೆಯವು. ಒಂದರ ಹೆಸರು ಅರ್ಜುನ, ಇನ್ನೊಂದರ ಹೆಸರು ಭೋಗೇಶ್ವರ. ಹೆಸರು ಇಟ್ಟಿದ್ದು ನಾವು. ಅವು ನಮಗೆ ಏನು ಹೆಸರಿಟ್ಟಿದ್ದವೋ ನೋಡೋಣ.

ಅವು ಮರಿಯಾಗಿದ್ದಾಗ ಕಾಕನಕೋಟೆಯಲ್ಲಿ ಇನ್ನೂ ಖೆಡ್ಡಾ ನಡೆಯುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾವನ್ನು ವ್ಯವಸ್ಥಿತವಾಗಿ ಶುರು ಮಾಡಿದ್ದು 1870ರ ದಶಕದಲ್ಲಿ, ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ. ಆಮೇಲೆ ಕಾಕನಕೋಟೆಯ ಖೆಡ್ಡಾಗೆ ದೊಡ್ಡ ಹೆಸರು ಬಂತು, ರಾಜರ ಅತಿಥಿಗಳು ನೋಡಲು ಬರುತ್ತಿದ್ದರು. ಮಾಡುತ್ತಿದ್ದುದು ಇಷ್ಟು: ಕಾಡು ಬಲ್ಲ ಕುರುಬರು ಆನೆ ಹಿಂಡಿನ ಜಾಡು ಹಿಡಿಯೋರು. ನೂರಾರು ಜನ ತಮಟೆ ಬಡಿಯುತ್ತಾ, ಪಂಜು ಹಿಡಿದು, ಕೋವಿ ಹಾರಿಸುತ್ತಾ ಹಿಂಡನ್ನು ನದಿಯ ಕಡೆ ಅಟ್ಟೋರು. ಹೊಳೆ ದಾಟಿದರೆ ಆಚೆ ದಂಡೆಯಲ್ಲಿ ಮರದ ದಿಮ್ಮಿಗಳ ದೊಡ್ಡ ದೊಡ್ಡಿ. ಒಳಗೆ ಹೋದ ಮೇಲೆ ಬಾಗಿಲು ಬೀಳುವುದು. ಆಮೇಲೆ ಸಾಕಾನೆಗಳು ಒಳಗೆ ಬಂದು, ತಮ್ಮದೇ ಜಾತಿಯವರನ್ನು ಒತ್ತಿ ಹಿಡಿಯುವುವು. ಮನುಷ್ಯ ಕಾಲಿಗೆ ಹಗ್ಗ ಹಾಕುವನು.

ಬೆಂಕಿಯ ವಿಷಯ ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ. ಡ್ರ್ಯಾಗನ್ ಕಥೆಗಳಲ್ಲಿ ಹೀಗೆ ಬರುತ್ತದೆ: ಒಂದು ರಾತ್ರಿ ಇದ್ದಕ್ಕಿದ್ದಂತೆ ಆರ್ಭಟ, ಬೆಂಕಿ, ಹೊಗೆ. ಮಕ್ಕಳು ತಾಯಿಯರಿಂದ ಬೇರಾಗುತ್ತಾರೆ. ಊರಿನಲ್ಲಿದ್ದ ಬೆಲೆಬಾಳುವುದನ್ನೆಲ್ಲ ಅದು ಹೊತ್ತುಕೊಂಡು ತನ್ನ ಕೋಟೆಗೆ ಹೋಗುತ್ತದೆ. ಈ ವರ್ಣನೆಯನ್ನು ಆನೆಯ ಬಾಯಲ್ಲಿ ಹೇಳಿಸಿ ನೋಡಿ, ಒಂದು ಪದವನ್ನೂ ಬದಲಾಯಿಸಬೇಕಿಲ್ಲ. ಬೆಂಕಿ ಉಗುಳುವವರು ಯಾರು, ದಂತದ ರಾಶಿ ಹಾಕಿಕೊಂಡು ಕೂತವರು ಯಾರು? ಆನೆಗಳ ಲೋಕದಲ್ಲಿ ಫ್ಯಾಂಟಸಿ ಕಾದಂಬರಿ ಅಂತ ಒಂದಿದ್ದರೆ ಅದರಲ್ಲಿ ಡ್ರ್ಯಾಗನ್ನಿಗೆ ಎರಡು ಕಾಲು.

1968ರ ಕಾಕನಕೋಟೆ ಖೆಡ್ಡಾದಲ್ಲಿ ಅರ್ಜುನ ಸಿಕ್ಕಿಬಿದ್ದ. ಭೋಗೇಶ್ವರ ಕಾಡಿನಲ್ಲೇ ಉಳಿದ. ಮೂರು ವರ್ಷದ ನಂತರ, 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1973ರಲ್ಲಿ ಹುಲಿ ಯೋಜನೆ ಬಂತು, ದೇಶದ ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. 1974ರಲ್ಲಿ ಬೀಚನಹಳ್ಳಿಯ ಹತ್ತಿರ ಕಬಿನಿ ಅಣೆಕಟ್ಟು ಮುಗಿಯಿತು. ಊರುಗಳು ಮುಳುಗಿದವು, ಕಾಡು ಮುಳುಗಿತು, ಖೆಡ್ಡಾ ನಡೆಯುತ್ತಿದ್ದ ಹೊಳೆದಂಡೆಯೂ ನೀರಿನಡಿ ಹೋಯಿತು.

ಭೋಗೇಶ್ವರನ ಜಾಗದಲ್ಲಿ ನಿಂತು ಯೋಚನೆ ಮಾಡಿ. ನಿಮಗೆ ಹತ್ತು ಹನ್ನೆರಡು ವರ್ಷ. ನಿನ್ನೆಯ ತನಕ ಪಂಜು ಹಿಡಿದು ಅಟ್ಟುತ್ತಿದ್ದ ಪ್ರಾಣಿ ಇವತ್ತು ಅಟ್ಟುವುದನ್ನು ನಿಲ್ಲಿಸಿದೆ. ಯಾಕೆ ಅಂತ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ನಿಮ್ಮಮ್ಮ ತೋರಿಸಿಕೊಟ್ಟ ದಾರಿಗಳ ಮೇಲೆ ನೀರು ಏರುತ್ತಿದೆ. ಇಳಿಯುತ್ತದೆ ಅಂತ ಕಾದರೆ ಪೂರ್ತಿ ಇಳಿಯುವುದೇ ಇಲ್ಲ. ಬೇಸಿಗೆಯಲ್ಲಿ ಮಾತ್ರ ಹಿನ್ನೀರು ಸರಿದ ಜಾಗದಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಸುತ್ತಲ ಕಾಡಿನ ಆನೆಗಳೆಲ್ಲ ಅಲ್ಲಿಗೆ ಬರುತ್ತವೆ. ಅದನ್ನು ನೋಡಲು ಆ ಎರಡು ಕಾಲಿನ ಪ್ರಾಣಿಯೂ ಬರುತ್ತದೆ, ಹಸಿರು ಜೀಪಿನಲ್ಲಿ. ಈ ಸಲ ಅದರ ಕೈಯಲ್ಲಿ ಪಂಜಿಲ್ಲ. ಉದ್ದನೆಯ ಕಪ್ಪು ಕೊಳವೆಯೊಂದನ್ನು ನಿಮ್ಮ ಕಡೆ ತಿರುಗಿಸುತ್ತದೆ. ನೀವು ಕೋವಿ ಅಂದುಕೊಳ್ಳುತ್ತೀರಿ. ಕ್ಲಿಕ್ ಅನ್ನುತ್ತದೆ, ಅಷ್ಟೇ. ಏನೂ ಆಗುವುದಿಲ್ಲ.

ನಮ್ಮ ಇತಿಹಾಸದ ಪುಸ್ತಕದಲ್ಲಿ ಇವು ಬೇರೆಬೇರೆ ಅಧ್ಯಾಯಗಳು: ಸಂಸ್ಥಾನ, ನೀರಾವರಿ, ವನ್ಯಜೀವಿ ಸಂರಕ್ಷಣೆ, ಪ್ರವಾಸೋದ್ಯಮ. ಆಯಾ ಕಾಲದ ಮಂತ್ರಿ ಬೇರೆ, ಕಾಯ್ದೆ ಬೇರೆ, ಇಲಾಖೆ ಬೇರೆ. ಆನೆಗೆ ಮಾತ್ರ ಇದೆಲ್ಲ ಮಾಡಿದ್ದು ಒಂದೇ ಪ್ರಾಣಿ, ತನ್ನ ಒಂದೇ ಜೀವಮಾನದಲ್ಲಿ. ಫ್ಯಾಂಟಸಿಯ ಡ್ರ್ಯಾಗನ್‌ಗಳು ಮನುಷ್ಯರನ್ನು ನಂಬದಿರುವುದು ನಾವು ಕೆಟ್ಟವರು ಅಂತ ಅಲ್ಲ ಅನ್ನಿಸುತ್ತದೆ. ಕೆಟ್ಟವರೇ ಆಗಿದ್ದರೆ ಲೆಕ್ಕ ಸುಲಭ. ಒಂದು ಸಲ ಹಗ್ಗ, ಇನ್ನೊಂದು ಸಲ ನೀರು, ಮತ್ತೊಂದು ಸಲ ಕ್ಯಾಮೆರಾ ತರುವ ಪ್ರಾಣಿಯ ಜೊತೆ ಹೇಗೆ ವ್ಯವಹಾರ ಮಾಡುವುದು?

ಭೋಗೇಶ್ವರ ವ್ಯವಹಾರ ಕಲಿತಿದ್ದ. ಭೋಗೇಶ್ವರ ಕ್ಯಾಂಪಿನ ಸುತ್ತಮುತ್ತ ಹೆಚ್ಚು ಕಾಣಿಸುತ್ತಿದ್ದರಿಂದ ಅವನಿಗೆ ಆ ಹೆಸರು ಬಂದಿದ್ದು, ‘ಮಿಸ್ಟರ್ ಕಬಿನಿ’ ಅಂತಲೂ ಕರೆಯುತ್ತಿದ್ದರು. ನೆಲ ಮುಟ್ಟುವಷ್ಟು ಉದ್ದದ ದಂತಗಳು, ಮುಂದೆ ಒಂದರ ಮೇಲೊಂದು ಹಾದುಹೋಗಿದ್ದವು. ಜೀಪುಗಳ ಎದುರು ಸಾವಧಾನವಾಗಿ ನಿಲ್ಲುತ್ತಿದ್ದ. ನಿಮ್ಮಲ್ಲಿ ಎಷ್ಟೋ ಜನರ ಫೋನಿನ ವಾಲ್‌ಪೇಪರ್ ಅವನೇ ಆಗಿದ್ದಿರಬಹುದು. ಆದರೆ ಕಾಡಿನಲ್ಲಿ ಕೆಲಸ ಮಾಡುವವರು ಒಂದು ಮಾತು ಹೇಳುತ್ತಾರೆ: ಜೀಪಿಗೆ ಒಗ್ಗಿದ ಪ್ರಾಣಿ ಜೀಪಿಗೆ ಮಾತ್ರ ಒಗ್ಗಿದೆ. ನೀವು ಕೆಳಗೆ ಇಳಿದು ನಿಂತರೆ ನೀವು ಬೇರೆ. ಅಂದರೆ ‘ಅದು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿತು’ ಅಂತ ನಾವು ಫೋಟೋ ಕೆಳಗೆ ಬರೆದುಕೊಳ್ಳುವಾಗ ಅದು ನೋಡಿದ್ದು ಡೀಸೆಲ್ ವಾಸನೆಯ, ನಾಲ್ಕು ಚಕ್ರದ, ತುಂಬ ತಲೆಗಳ ಒಂದು ನಿರುಪದ್ರವಿ ಪ್ರಾಣಿಯನ್ನು. ನಮ್ಮನ್ನಲ್ಲ.

ನಮ್ಮನ್ನು, ಅಂದರೆ ಎರಡು ಕಾಲಿನ ಮೇಲೆ ನಡೆಯುವ ಬರಿಗೈಯ ಮನುಷ್ಯನನ್ನು, ಅವು ನೋಡುವುದು ಕಾಡಂಚಿನ ಹೊಲಗಳಲ್ಲಿ. ಇಲ್ಲಿಂದ ಮುಂದೆ ತಮಾಷೆ ಕಷ್ಟ.

2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸರಗೂರು ಸೀಮೆಯಲ್ಲಿ ಹುಲಿ ದಾಳಿಯಿಂದ ರೈತರು ಸತ್ತರು. ಒಂದರ ಹಿಂದೆ ಒಂದು ಸುದ್ದಿ. ಹತ್ತಿ ಬಿಡಿಸುವ ಕಾಲ, ದನ ಮೇಯಿಸುವ ಕಾಲ, ರಾಗಿ ಕಾಯುವ ಕಾಲ, ಎಲ್ಲ ಒಟ್ಟಿಗೆ. ಹೊಲಕ್ಕೆ ಹೋಗದೆ ಇರುವ ಹಾಗಿಲ್ಲ, ಹೋದರೆ ಬೆನ್ನು ತಣ್ಣಗಾಗುತ್ತದೆ. ನವೆಂಬರ್ ಮೊದಲ ವಾರದಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಪತ್ತೆಗೆ ಹಾಕಿತು. ಬೆಂಗಳೂರಿನಲ್ಲಿ ನನ್ನ ಫೋನಿಗೆ ಎರಡು ಥರದ ಮೆಸೇಜು ಬರತೊಡಗಿತು. ಊರಿನ ಗುಂಪಿನಲ್ಲಿ: ‘ಒಬ್ರೇ ಯಾರೂ ಹೊಲಕ್ ಹೋಗ್ಬೇಡಿ, ಬಗ್ಗಿ ಕೆಲ್ಸ ಮಾಡೋವಾಗ ಒಬ್ರು ನಿಂತ್ಕಂಡಿರಿ.’ ಆಫೀಸಿನ ಗುಂಪಿನಲ್ಲಿ: ‘ಕಬಿನಿ ಬುಕಿಂಗ್ ಕ್ಯಾನ್ಸಲ್ ಆಯ್ತು, ರೀಫಂಡ್ ಬರುತ್ತಾ?’

ಎರಡನೆಯ ಮೆಸೇಜು ಹಾಕಿದವನನ್ನು ನಾನು ಬೈಯುವುದಿಲ್ಲ. ಅವನಿಗೆ ಹುಲಿ ಮೇಲೆ ನಿಜವಾಗಿ ಪ್ರೀತಿ. ನನ್ನ ಚಿಕ್ಕಪ್ಪನಿಗೆ ಆ ತಿಂಗಳು ಇದ್ದಿದ್ದು ಪ್ರೀತಿಯಲ್ಲ. ಇಬ್ಬರೂ ಒಂದೇ ಹುಲಿಯ ಬಗ್ಗೆ ಮಾತಾಡುತ್ತಿದ್ದರು, ಆದರೆ ಹುಲಿ ಅವರಿಬ್ಬರನ್ನೂ ಒಂದೇ ಥರ ನೋಡುವುದಿಲ್ಲ.

‘ಒಬ್ರು ನಿಂತ್ಕಂಡಿರಿ’ ಅನ್ನೋ ಮಾತನ್ನು ಗಮನಿಸಿ. ಹುಲಿಯ ಕಣ್ಣಿನಿಂದ ಹೊಲವನ್ನು ನೋಡಿದವರು ಮಾತ್ರ ಹೇಳಬಹುದಾದ ಮಾತು ಅದು. ನೆಟ್ಟಗೆ ನಿಂತ ಮನುಷ್ಯ ಹುಲಿಗೆ ಅಪರಿಚಿತ ಆಕಾರ, ಸಾಮಾನ್ಯವಾಗಿ ಅದು ದೂರ ಸರಿಯುತ್ತದೆ. ಹತ್ತಿ ಗಿಡಗಳ ನಡುವೆ ಬಗ್ಗಿದ, ಕೂತ ಮನುಷ್ಯನ ಎತ್ತರ, ಬೆನ್ನಿನ ಗೆರೆ ಎಲ್ಲ ಅದು ದಿನಾ ಬೇಟೆಯಾಡುವ ಪ್ರಾಣಿಯ ಅಳತೆಗೆ ಬಂದುಬಿಡುತ್ತದೆ. ಬಂಗಾಳದ ಸುಂದರಬನದಲ್ಲಿ 1980ರ ದಶಕದಲ್ಲಿ ಇದೇ ಲೆಕ್ಕ ಹಿಡಿದು ಒಂದು ಉಪಾಯ ಮಾಡಿದ್ದರು. ಹುಲಿ ಹಿಂದಿನಿಂದ ಬರುತ್ತದೆ, ಮುಖ ಕಂಡರೆ ಹಿಂಜರಿಯುತ್ತದೆ ಅಂತ, ಜೇನು ತೆಗೆಯುವವರು, ಸೌದೆಗೆ ಹೋಗುವವರು ತಲೆಯ ಹಿಂಭಾಗಕ್ಕೆ ಮನುಷ್ಯನ ಮುಖವಾಡ ಕಟ್ಟಿಕೊಂಡರು. ಮೊದಮೊದಲು ಚೆನ್ನಾಗಿಯೇ ಕೆಲಸ ಮಾಡಿತು. ಆಮೇಲಾಮೇಲೆ ಅದರ ಪರಿಣಾಮ ತಗ್ಗಿತು, ಹುಲಿಗಳಿಗೆ ಗುಟ್ಟು ಗೊತ್ತಾಯಿತು ಅಂತ ಹೇಳುತ್ತಾರೆ. ಮನುಷ್ಯ ಹುಲಿಯನ್ನು ಅಭ್ಯಾಸ ಮಾಡುತ್ತಿದ್ದಷ್ಟು ಹೊತ್ತೂ ಹುಲಿ ಮನುಷ್ಯನನ್ನು ಅಭ್ಯಾಸ ಮಾಡುತ್ತಿತ್ತು ಅನ್ನೋದು ಇದರ ತಾತ್ಪರ್ಯ.

ನಮಗೆ ಶಾಲೆಯಲ್ಲಿ ಪುಣ್ಯಕೋಟಿಯ ಹುಲಿಯನ್ನು ಕಲಿಸಿದ್ದಾರೆ. ಹಸುವಿನ ಸತ್ಯ ಕಂಡು ಮನಸ್ಸು ಕರಗಿ ಪ್ರಾಣ ಬಿಟ್ಟ ಹುಲಿ. ಅದನ್ನು ಕಲಿತು ಬೆಳೆದ ನಮಗೆ, ದೊಡ್ಡ ಪ್ರಾಣಿಗಳು ನಮ್ಮ ಒಳ್ಳೆತನವನ್ನು ಗುರುತಿಸುತ್ತವೆ ಅನ್ನೋ ನಂಬಿಕೆ ಒಳಗೊಳಗೇ ಇರುತ್ತದೆ. ಸಂರಕ್ಷಣೆಗೆ ಸಹಿ ಹಾಕಿದ್ದೇನೆ, ಪ್ಲಾಸ್ಟಿಕ್ ಎಸೆದಿಲ್ಲ, ಕಾಡಿನಲ್ಲಿ ಹಾರ್ನ್ ಮಾಡಿಲ್ಲ, ಹಾಗಾಗಿ ನಾನು ಬೇರೆ. ಹುಲಿಗೆ ಇದ್ಯಾವುದೂ ತಲುಪುವುದಿಲ್ಲ. ಆನೆಗೂ ಅಷ್ಟೇ. ನಮ್ಮ ಒಳ್ಳೆತನದ ಫಲ ಅವುಗಳ ಸಂಖ್ಯೆಯಲ್ಲಿ ಕಾಣುತ್ತದೆ, ಸಂತೋಷವೇ. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿ, 2023ರ ಗಣತಿಯಲ್ಲಿ 6,395 ಆನೆ. ದೇಶದಲ್ಲೇ ಅತಿ ಹೆಚ್ಚು ಆನೆ ಇರುವ ರಾಜ್ಯ ನಮ್ಮದು. ಪೇಪರಿನಲ್ಲಿ ಇದು ಬಂದ ದಿನ ನಗರದಲ್ಲಿ ಹೆಮ್ಮೆ. ಸರಗೂರಿನ ಟೀ ಅಂಗಡಿಯಲ್ಲಿ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಿ ಮಡೀಕಂಡಾರಂತೆ?’

ಬಕಾಸುರನ ಕಥೆ ನೆನಪು ಮಾಡಿಕೊಳ್ಳಿ. ಏಕಚಕ್ರಪುರದವರು ಅವನ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ದಿನಕ್ಕೆ ಒಂದು ಬಂಡಿ ಅನ್ನ, ಜೊತೆಗೆ ಒಂದು ಆಳು, ಮನೆಮನೆಗೆ ಸರದಿ. ಭಯಂಕರ ವ್ಯವಸ್ಥೆ ಅಂತ ಚಿಕ್ಕಂದಿನಲ್ಲಿ ಮೈ ನಡುಗುತ್ತಿತ್ತು. ಈಗ ಯೋಚಿಸಿದರೆ ಆ ವ್ಯವಸ್ಥೆಯಲ್ಲಿ ಒಂದು ನ್ಯಾಯ ಇತ್ತು, ಸರದಿ ಎಲ್ಲ ಮನೆಗೂ ಬರುತ್ತಿತ್ತು. ನಾವು ಇವತ್ತು ಮಾಡಿಕೊಂಡಿರುವ ವ್ಯವಸ್ಥೆಯಲ್ಲಿ ಸರದಿ ಕಾಡಂಚಿನ ಮನೆಗಳಿಗೆ ಮಾತ್ರ. ಇಂದಿರಾನಗರಕ್ಕೆ, ವೈಟ್‌ಫೀಲ್ಡಿಗೆ ಬರುವುದೇ ಇಲ್ಲ. ಹುಲಿ ಬಕಾಸುರನಲ್ಲ, ಅದರ ಮೇಲೆ ನನಗೆ ದ್ವೇಷವೂ ಇಲ್ಲ. ನಾನು ಹೇಳುತ್ತಿರುವುದು ಬಂಡಿಯ ಬಗ್ಗೆ. ಕಾಡು ಇಡೀ ನಾಡಿಗೆ ಬೇಕು, ಕಬಿನಿಯ ನೀರು ಎಲ್ಲರಿಗೂ ಬೇಕು. ಬಂಡಿ ತುಂಬುವವರು ಮಾತ್ರ ಎರಡೆಕರೆ ಹತ್ತಿ, ಒಂದೆಕರೆ ರಾಗಿ ಇಟ್ಟುಕೊಂಡವರು.

ಆ ನವೆಂಬರಿನಲ್ಲಿ ಸಫಾರಿ ಜೀಪುಗಳಿಂದಲೇ ಹುಲಿಗಳು ಹೊರಗೆ ಬರುತ್ತಿವೆ ಅಂತ ರೈತರು ವಾದಿಸಿದರು. ಸಫಾರಿ ನಿಂತರೆ ನಮ್ಮ ಹೊಟ್ಟೆಪಾಡು ಏನು ಅಂತ ಅದೇ ಹಳ್ಳಿಗಳಿಂದ ರೆಸಾರ್ಟಿಗೆ ಕೆಲಸಕ್ಕೆ ಹೋಗುವ ಹುಡುಗರು ಕೇಳಿದರು. ಒಂದೇ ಮನೆಯಲ್ಲಿ ಅಪ್ಪ ಒಂದು ಕಡೆ, ಮಗ ಒಂದು ಕಡೆ. ಕಾಡಿನಿಂದ ನೋಡುವ ಕಣ್ಣಿಗೆ ಈ ಜಗಳದಲ್ಲಿ ಕಾಣಿಸೋದು ಇಷ್ಟು: ಕಳೆದ ತಿಂಗಳ ತನಕ ದಿನಕ್ಕೆರಡು ಸಲ ಬರುತ್ತಿದ್ದ ಚಕ್ರದ ಪ್ರಾಣಿ ಈಗ ಬರುತ್ತಿಲ್ಲ. ಬದಲಿಗೆ ಸಾಕಾನೆಗಳು ಬಂದಿವೆ, ಆಕಾಶದಲ್ಲಿ ಡ್ರೋನ್ ಗುಂಯ್ ಅನ್ನುತ್ತಿದೆ, ರಾತ್ರಿ ಜನ ಟಾರ್ಚು ಹಿಡಿದು ಕೂಗುತ್ತಿದ್ದಾರೆ. ಎರಡು ಕಾಲಿನವು ಮತ್ತೆ ಬದಲಾಗಿವೆ.

ಎರಡು ಆನೆಗಳ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಅರ್ಜುನ ಬಳ್ಳೆ ಶಿಬಿರದಲ್ಲಿ ಬೆಳೆದ. ಅವನಿಗೆ ಮನುಷ್ಯ ಅಂದರೆ ಮೊದಲು ಹಗ್ಗ, ಆಮೇಲೆ ಕುಸುರೆ ತಿನ್ನಿಸುವ ಕೈ, ಕಿವಿಯ ಹಿಂದೆ ಒತ್ತುವ ಕಾಲ್ಬೆರಳು, ದಿನಾ ಕೇಳುವ ಒಂದು ದನಿ. 2012ರಿಂದ 2019ರ ತನಕ ಎಂಟು ಸಲ ದಸರೆಯಲ್ಲಿ 750 ಕಿಲೋ ಚಿನ್ನದ ಅಂಬಾರಿ ಹೊತ್ತ. ನಿಧಿ ಹೊತ್ತ ಡ್ರ್ಯಾಗನ್ ಅಂದರೆ ಅವನೇ, ನಿಧಿ ಮಾತ್ರ ಅವನದಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಕರೆದೊಯ್ದಿದ್ದರು. ಅಲ್ಲಿ ಒಂದು ಒಂಟಿ ಸಲಗದ ಜೊತೆ ಕಾದಾಡಿ ಸತ್ತ. 55 ವರ್ಷದ ಹಿಂದೆ ತನ್ನನ್ನು ಹಿಡಿದವರ ಪರವಾಗಿ, ತನ್ನಂಥದೇ ಇನ್ನೊಂದನ್ನು ಹಿಡಿಯಲು ಹೋಗಿ. ಮಾವುತರು ಅತ್ತಿದ್ದನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿತು. ಆ ಅಳು ಸುಳ್ಳಲ್ಲ. ಆ ಹಗ್ಗವೂ ಸುಳ್ಳಲ್ಲ.

ಭೋಗೇಶ್ವರ ಅದಕ್ಕೂ ಮೊದಲೇ, 2022ರ ಜೂನ್‌ನಲ್ಲಿ ಗುಂಡ್ರೆ ವಲಯದ ಕಾಡಿನಲ್ಲಿ ಸತ್ತುಬಿದ್ದಿದ್ದ. ಸುಮಾರು 60 ವರ್ಷ, ವಯಸ್ಸಾಗಿ ಬಂದ ಸಾವು. ಒಂದು ದಂತ 2.54 ಮೀಟರ್, ಇನ್ನೊಂದು 2.34 ಮೀಟರ್. ಅಷ್ಟು ನಿಧಿಯನ್ನು ಮುಖದ ಮೇಲೆ ಹೊತ್ತು, ದಂತಕ್ಕಾಗಿ ಆನೆಗಳನ್ನು ಕೊಲ್ಲುತ್ತಿದ್ದ ದಶಕಗಳನ್ನೂ ದಾಟಿ, ಒಂದು ಡ್ರ್ಯಾಗನ್ ತನ್ನ ಆಯುಸ್ಸು ಮುಗಿಸಿ ಸತ್ತದ್ದು ಯಾವ ಫ್ಯಾಂಟಸಿಯಲ್ಲೂ ನಾನು ಓದಿಲ್ಲ. ಅವುಗಳಲ್ಲಿ ಯಾವಾಗಲೂ ಒಬ್ಬ ವೀರ ಬಂದುಬಿಡುತ್ತಾನೆ. ಇಲ್ಲಿ ಯಾರೂ ಬರಲಿಲ್ಲ. ಬರದ ಹಾಗೆ ನೋಡಿಕೊಂಡವರು ಕಾಡಿನ ವಾಚರುಗಳು, ಗಾರ್ಡುಗಳು, ಮತ್ತು ಕಾಡಂಚಿನಲ್ಲಿ ಇದ್ದೂ ಕೋವಿ ಎತ್ತದ ಸಾವಿರಾರು ಮನೆಗಳು. ಮನುಷ್ಯರ ಪರವಾಗಿ ಹೇಳಲು ನನ್ನ ಹತ್ತಿರ ಇರುವ ಅತ್ಯುತ್ತಮ ಸಾಕ್ಷಿ ಅದೇ.

ಈ ವರ್ಷ ನುಗು ಹಿನ್ನೀರಿನ ಆಚೆ ಎಲ್ಲೋ ಒಂದು ಮರಿ ಹುಟ್ಟಿರುತ್ತದೆ. ತಾಯಿಯ ಹೊಟ್ಟೆಯಲ್ಲಿ 22 ತಿಂಗಳು ಇದ್ದು ಬಂದಿದ್ದು. ಭೋಗೇಶ್ವರನಷ್ಟು ಬದುಕಿದರೆ ಅದು 2085ನ್ನು ನೋಡುತ್ತದೆ, ನಾನು ನೋಡುವುದಿಲ್ಲ. ಅದರ ಲೋಕದಲ್ಲಿ ರೈಲು ಹಳಿಯ ಬೇಲಿ ಇದೆ, ಮೂತಿಗೆ ಚುರುಕ್ ಅನ್ನಿಸುವ ತಂತಿ ಇದೆ, ಜೀಪು ಇದೆ, ಡ್ರೋನ್ ಇದೆ. ಮನುಷ್ಯ ಅಂದರೆ ಏನು ಅನ್ನೋದನ್ನು ಅದು ಈಗಷ್ಟೇ ಕಲಿಯುತ್ತಿದೆ. ಕಲಿಸುತ್ತಿರುವುದು ಸಫಾರಿಗೆ ಬುಕ್ ಮಾಡಿದ ನಾವಲ್ಲ. ಅಟ್ಟಣೆ ಮೇಲೆ ಟಾರ್ಚು, ಪಟಾಕಿ ಇಟ್ಟುಕೊಂಡು ಕೂತ ನಮ್ಮ ಚಿಕ್ಕಪ್ಪನಂಥವರು. ಅವರಿಗೆ ಈ ಸಲದ ರಾಗಿ ಕೈಗೆ ಬಂದರೆ, ಹೋದ ಬೆಳೆಗೆ ದುಡ್ಡು ಹೊತ್ತಿಗೆ ಸರಿಯಾಗಿ ಬಂದರೆ, ಬಂಡಿ ತುಂಬುವ ಸರದಿಯಲ್ಲಿ ಊರಾಚೆಯವರೂ ನಿಂತರೆ, ಪಟಾಕಿಗೆ ಬೆಂಕಿ ಹಚ್ಚುವ ಮೊದಲು ಅವರೂ ಒಂದು ಮಾತಾಡಿ ನೋಡಬಹುದು. ಮಾತು ಅದಕ್ಕೆ ಅರ್ಥವಾಗುವುದಿಲ್ಲ. ಯಾರು ಮಾತಾಡುತ್ತಿದ್ದಾರೆ ಅನ್ನೋದು ಅರ್ಥವಾಗುತ್ತದೆ, ಮತ್ತೆ ಅರವತ್ತು ವರ್ಷ ಮರೆಯುವುದಿಲ್ಲ.